ಚೌಕಾಬಾರ

ನಾಲ್ಕು ಕವಡೆ ಹಾಕಿ, ಇಪ್ಪತ್ತೈದು ಮನೆಗಳ ಮೇಲೆ ಕಾಯಿ ನಡೆಸುವ ಆಟ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ತಾಲ್ಲೂಕುಗಳನ್ನು ಒಳಗೊಂಡ ಹಳೆ ಮೈಸೂರು ಸೀಮೆಯಲ್ಲಿ ಜಗಲಿಯ ಆಟವೆಂದರೆ ಮೊದಲು ನೆನಪಾಗುವುದು ಇದೇ. ಕಟ್ಟೆಮನೆ ಎಂದೂ ಕರೆಯುತ್ತಾರೆ.

ಹೆಸರು ಹುಟ್ಟಿದ್ದು ಗರದಿಂದ, ಅಂದರೆ ಕವಡೆ ಬಿದ್ದ ಎಣಿಕೆಯಿಂದ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಮರಾಠಿ, ಹಿಂದಿಗಳಲ್ಲಿ ‘ಬಾರಾ’ ಎಂದರೆ ಹನ್ನೆರಡು. ಇಲ್ಲಿ ಅದು ಎಂಟಾದದ್ದು ಹೇಗೆ? ಏಳು ಮನೆ ಉದ್ದ, ಏಳು ಮನೆ ಅಗಲದ ದೊಡ್ಡ ಆಟದಲ್ಲಿ ಆರು ಕವಡೆ ಬಳಸುತ್ತಾರೆ, ಅಲ್ಲಿ ಎಲ್ಲವೂ ಬೋರಲಾದರೆ ಹನ್ನೆರಡು. ಪದ ಅಲ್ಲಿಂದ ಇಳಿದು ಬಂದು, ಬೆಲೆಯನ್ನು ದಾರಿಯಲ್ಲೇ ಬಿಟ್ಟಿರಬೇಕು ಎಂದು ಊಹಿಸಬಹುದು. ಇದೇ ಆಟ ತೆಲುಗರಿಗೆ ಅಷ್ಟಾಚಮ್ಮ: ಎಂಟು ಮತ್ತು ನಾಲ್ಕು. ನಾವು ನಾಲ್ಕನ್ನು ಮೊದಲು ಹೇಳಿದೆವು, ಅವರು ಎಂಟನ್ನು. ಗುಜರಾತಿನಲ್ಲಿ ಇದು ಇಷ್ಟೋ.

ಹಂಪಿಯ ಹಾಸುಗಲ್ಲುಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದೂ ನೋಡಬಹುದು. ಚೌಕಾಬಾರದ ದೊಡ್ಡ ನೆಂಟ ಪಗಡೆ, ಅದರದೇ ಬಗೆಯ ಆಟ ಪಚೀಸಿ. ಫತೇಪುರ ಸಿಕ್ರಿಯಲ್ಲಿ ಅಕ್ಬರನ ಅರಮನೆಯ ಅಂಗಳದ ನೆಲವೇ ಪಚೀಸಿಯ ಹಾಸು. ಆ ಪಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ಲೂಡೊ ಎಂದು ಪೇಟೆಂಟ್ ಪಡೆದರು.

ಮೈಸೂರಿನಲ್ಲಿ ಆಟಗಳ ಅರಸನೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಮುಮ್ಮಡಿಯವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತನೆಯ ನಿಧಿಯಾದ ‘ಕೌತುಕನಿಧಿ’ಯಲ್ಲಿ ಆಟಗಳ ವಿವರಗಳಿವೆ. 320 ಎಲೆಗಳ ಚಾಮುಂಡೇಶ್ವರಿ ಗಂಜೀಫಾದಂಥ ಇಸ್ಪೀಟಿನ ಬಗೆಯ ಆಟಗಳು ಅವರ ಆಸ್ಥಾನದ ಸೃಷ್ಟಿ. ಅರಸರ ಆ ಎಲೆಗಳು ಇಂದು ನೋಡುವ ವಸ್ತುಗಳಾಗಿವೆ, ಆಡುವವರು ವಿರಳ. ಹೆಂಚಿನ ಚೂರಿನಲ್ಲಿ ಗೀಚಿದ ಚೌಕಾಬಾರದ ಮನೆಗಳು ಮಾತ್ರ ಉಳಿದುಕೊಂಡವು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂಥ ಆಟಗಳ ಹಾಸು, ದಾಳ, ಕಾಯಿಗಳನ್ನು ಮತ್ತೆ ಮಾರುಕಟ್ಟೆಗೆ ತಂದಿದೆ.

ಆಟಕ್ಕೆ ಬೇಕಾದದ್ದು ಕಡಿಮೆ. ಕಾಯಿಗೆ ಬಳೆ ಚೂರು, ಕಲ್ಲು, ಬೀಜ, ಕಡ್ಡಿ, ಒಬ್ಬೊಬ್ಬರಿಗೆ ಒಂದೊಂದು ಬಗೆ, ತಲಾ ನಾಲ್ಕು. ಕವಡೆ ಇಲ್ಲದಿದ್ದರೆ ಹುಣಸೆ ಬೀಜ. ಹೆಸರಲ್ಲೇ ಹುಣಸೆಯ ಸದ್ದಿರುವ ಹುಣಸೂರಿನ ಕಡೆ ಅದಕ್ಕೇನು ಬರ! ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜುತ್ತಾರೆ. ಬೆರಳ ತುದಿ ಬಿಸಿಯಾಗುವ ಹೊತ್ತಿಗೆ ಕಂದು ಸಿಪ್ಪೆ ಹೋಗಿ ಬಿಳಿ ತಿರುಳು ಕಾಣುತ್ತದೆ. ಆ ಬಿಳಿಯೇ ಕವಡೆಯ ಬಾಯಿಗೆ ಸಮ. ಎರಡು ಮಗ್ಗುಲೂ ಸಮನಾಗಿ ಬೀಳುವುದಾದರೆ ನಾಲ್ಕು ಬೀಜ ಬೀಳುವ ಬಗೆ ಹದಿನಾರು. ಅದರಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು. ಚೌಕ, ಬಾರ ಒಂದೊಂದೇ ಸಲ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಕೂರಬಾರದು ಎಂದು ಅಜ್ಜಿಯರು ಎಚ್ಚರಿಸುವುದರ ಹಿಂದಿನ ಗಣಿತ ಇದೇ.

ಹೊರಸುತ್ತಿನ ಹದಿನಾರು ಮನೆಗಳಲ್ಲಿ ನಾಲ್ಕು ಬದಿಯ ನಡುಮನೆಗಳಿಗೆ ಅಡ್ಡಗೆರೆ ಹಾಕಿರುತ್ತದೆ; ಅವು ಕಟ್ಟೆ. ಆಟಗಾರನ ಕಾಯಿ ತನ್ನ ಕಟ್ಟೆಯಿಂದ ಹೊರಟು, ಎಡಸುತ್ತಾಗಿ ಹದಿನೈದು ಹೆಜ್ಜೆ ನಡೆದು, ಒಳಸುತ್ತಿನ ಎಂಟು ಮನೆಗಳನ್ನು ಬಲಸುತ್ತಾಗಿ ದಾಟಿ, ಇಪ್ಪತ್ತನಾಲ್ಕನೆಯ ಹೆಜ್ಜೆಗೆ ಹಾಸಿನ ನಟ್ಟನಡುವಿನ ಮನೆ ಸೇರುತ್ತದೆ. ಸೇರಿದ ಕಾಯಿ ಹಣ್ಣಾಯಿತು ಎನ್ನುವುದು ವಾಡಿಕೆ. ದಾರಿಯಲ್ಲಿ ಎದುರಾಳಿ ಅದೇ ಮನೆಗೆ ಬಂದರೆ ಕಾಯಿಯನ್ನು ಕಡಿಯುತ್ತಾನೆ, ಅದು ಮತ್ತೆ ಮೊದಲಿನಿಂದ ಹೊರಡಬೇಕು. ಕಟ್ಟೆಯಲ್ಲಿ ಕೂತದ್ದನ್ನು ಕಡಿಯುವಂತಿಲ್ಲ. ಚೌಕ ಅಥವಾ ಬಾರ ಬಿದ್ದವರಿಗೆ, ಕಡಿದವರಿಗೆ ಇನ್ನೊಂದು ಸಲ ಗರ. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದೇ ಆಟದ ಬಿಸಿ. ಈ ನಿಯಮ ತೆಗೆದರೆ ಉಳಿಯುವುದು ಬರೀ ನಡಿಗೆ.

ಹಣ್ಣಾಗಲು ಬೇಕಾದಷ್ಟೇ ಗರ ಬೀಳಬೇಕು, ಹೆಚ್ಚು ಬಿದ್ದರೆ ಕಾಯಿ ಕದಲದು. ಎಲೆಕ್ಟ್ರಾನಿಕ್ ಡಾರ್ಟ್ ಬೋರ್ಡಿನ 301ರ ಆಟದಲ್ಲೂ ಇಂಥದ್ದೇ ಕಟ್ಟುಪಾಡು: ಅಂಕ ಕಳೆಯುತ್ತಾ ಸರಿಯಾಗಿ ಸೊನ್ನೆಗೆ ಬರಬೇಕು, ಮೀರಿದರೆ ಆ ಸರದಿಯೇ ವ್ಯರ್ಥ. ಅಲ್ಲಿ ಲೆಕ್ಕ ಹಿಡಿಯುವುದು ಬೋರ್ಡು. ಇಲ್ಲಿ ಸುತ್ತ ಕೂತವರೆಲ್ಲರ ಕಣ್ಣು.

ಉಳಿದ ನಿಯಮ ಊರಿಗೊಂದು, ಮನೆಗೊಂದು. ಒಂದೇ ಮನೆಯಲ್ಲಿ ಜೊತೆಯಾದ ಎರಡು ಕಾಯಿ ‘ಗಟ್ಟಿ’. ಕೆಲವರು ಅದನ್ನು ಒಪ್ಪುತ್ತಾರೆ, ಕೆಲವರು ಏಳು ಮನೆಯ ದೊಡ್ಡ ಆಟಕ್ಕೆ ಮಾತ್ರ ಮೀಸಲಿಡುತ್ತಾರೆ. ಮೂರು ಸಲ ಸಾಲಾಗಿ ಚೌಕ ಬಿದ್ದರೆ ಲೆಕ್ಕಕ್ಕಿಲ್ಲ ಎನ್ನುವವರೂ ಉಂಟು. ಹಾಗಾಗಿ ಶಿವರಾತ್ರಿಯ ಜಾಗರಣೆಗೆ ಹಾಸು ಬಿಡಿಸಿದಾಗ ಮೊದಲ ಮಾತು ಗರದ್ದಲ್ಲ, ‘ಗಟ್ಟಿ ಇದ್ಯಾ, ಇಲ್ವಾ?’ ಎಂಬುದು. ಅಷ್ಟಾದ ಮೇಲೂ ಒಂದು ಕವಡೆ ಇನ್ನೊಂದಕ್ಕೆ ಒರಗಿ ನಿಂತರೆ, ಅದು ಬಾಯಿಯೋ ಬೋರಲೋ ಎಂದು ಜಗಳ ತೆಗೆದು, ಕೊನೆಗೆ ಎಲ್ಲವನ್ನೂ ಬಾಚಿ ಮತ್ತೆ ಹಾಕುತ್ತಾರೆ.