ಒಂದೇ ವೈರಸ್, ಒಬ್ಬರಿಗೆ ಕೆಮ್ಮು, ಇನ್ನೊಬ್ಬರಿಗೆ ಐಸಿಯು: ಇದರಲ್ಲಿ ಜೀನ್ ಪಾಲೆಷ್ಟು?

2021ರ ಏಪ್ರಿಲ್‌ನಲ್ಲಿ ಒಂದೇ ವಾರದಲ್ಲಿ ನಮ್ಮ ಮನೆಯವರಿಗೆಲ್ಲ ಕೋವಿಡ್ ಬಂತು. ಶುಗರ್ ಇರೋ 74ರ ಅಜ್ಜಿ ಎರಡು ದಿನ ಕೆಮ್ಮಿ ಎದ್ದು ಕೂತರು. ದಿನಾ ಬೆಳಿಗ್ಗೆ ಶಟಲ್ ಆಡ್ತಿದ್ದ 42ರ ಚಿಕ್ಕಪ್ಪ ಹನ್ನೊಂದು ದಿನ ಐಸಿಯುನಲ್ಲಿದ್ದರು. "ಅವರವರ ಹಣೆಬರಹ ಕಣೋ" ಅಂದರು ಅಜ್ಜಿ. ಎಂಜಿನಿಯರಿಂಗ್ ಓದಿದ ನನಗೆ ಆ ಉತ್ತರ ಸಾಲಲಿಲ್ಲ.

ಹಾಗಂತ ಅಜ್ಜಿ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. 2020ರಲ್ಲಿ ಇಟಲಿ ಮತ್ತು ಸ್ಪೇನ್‌ನಲ್ಲಿ ಕೋವಿಡ್‌ನಿಂದ ಉಸಿರಾಟವೇ ಸೋತಿದ್ದ ರೋಗಿಗಳ ಡಿಎನ್‌ಎಯನ್ನು ಬೇರೆಯವರದ್ದರ ಜೊತೆ ಹೋಲಿಸಿದಾಗ, 3ನೇ ಕ್ರೋಮೋಸೋಮ್‌ನ ಒಂದು ತುಣುಕು ಎದ್ದು ಕಂಡಿತು. ಅದರ ಮೂಲ ಪತ್ತೆ ಮಾಡಿದವರು ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ (ಪಾಬೊಗೆ 2022ರಲ್ಲಿ ನೊಬೆಲ್ ಬಂತು). ಸುಮಾರು 50 ಸಾವಿರ ಅಕ್ಷರಗಳಷ್ಟು ಉದ್ದದ ಈ ತುಣುಕು ನಿಯಾಂಡರ್ತಲ್‌ರಿಂದ ಬಂದದ್ದು. ಹತ್ತಾರು ಸಾವಿರ ವರ್ಷಗಳ ಹಿಂದೆ ನಮ್ಮ ಪೂರ್ವಜರು ಅವರ ಜೊತೆ ಸಂಸಾರ ಹೂಡಿದ್ದರ ಫಲ. ಯುರೋಪಿನಲ್ಲಿ ಶೇ. 16ರಷ್ಟು ಜನರಲ್ಲಿ ಇದಿದೆ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ, ಬಾಂಗ್ಲಾದೇಶದಲ್ಲಂತೂ ಶೇ. 63.

ಅದು ಮಾಡೋದೇನು? 2021ರಲ್ಲಿ ಆಕ್ಸ್‌ಫರ್ಡ್ ತಂಡ ಬೊಟ್ಟು ಮಾಡಿದ್ದು ಎಲ್‌ಝಡ್‌ಟಿಎಫ್‌ಎಲ್1 ಎಂಬ ವಂಶವಾಹಿಯತ್ತ. ವೈರಸ್ ಬಂದಾಗ ಶ್ವಾಸಕೋಶದ ಒಳಪದರದ ಜೀವಕೋಶಗಳು ರೂಪ ಬದಲಿಸಿಕೊಂಡು ಬಚಾವಾಗಲು ನೋಡುತ್ತವೆ. ಈ ಜೀನ್ ಜೋರಾಗಿ ಕೆಲಸ ಮಾಡಿದರೆ ಅದಕ್ಕೆ ಅಡ್ಡಿ. ಆದರೆ ತೊಂದರೆ ಇರೋದು ಶ್ವಾಸಕೋಶದಲ್ಲಿ, ರೋಗನಿರೋಧಕ ವ್ಯವಸ್ಥೆಯಲ್ಲಲ್ಲ. ಹಾಗಾಗಿ ಇಂಥವರಿಗೂ ಲಸಿಕೆ ಕೆಲಸ ಮಾಡಬೇಕು ಅಂದರು ಸಂಶೋಧಕರು. ಅಂದ ಹಾಗೆ, ನಿಯಾಂಡರ್ತಲ್‌ರನ್ನು ಬೈಯೋದೂ ಬೇಡ. 12ನೇ ಕ್ರೋಮೋಸೋಮ್‌ನಲ್ಲಿ ಅವರಿಂದಲೇ ಬಂದ ಇನ್ನೊಂದು ತುಣುಕು ತೀವ್ರ ಕೋವಿಡ್‌ನ ಅಪಾಯವನ್ನು ಶೇ. 22ರಷ್ಟು ತಗ್ಗಿಸುತ್ತದೆ.

ಈ ಸಂಶೋಧನೆಯಿಂದ ಔಷಧಿಗೂ ದಾರಿ ಸಿಕ್ಕಿದೆ. ಬ್ರಿಟನ್ನಿನ ಐಸಿಯುಗಳ 2 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ನೋಡಿದ ಅಧ್ಯಯನ, ಉರಿಯೂತ ಹೆಚ್ಚಿಸುವ ಟಿವೈಕೆ2 ಎಂಬ ಜೀನ್‌ನ ಪಾತ್ರವನ್ನು ತೋರಿಸಿತು. ಆ ಹಾದಿಯನ್ನು ತಡೆಯುವ, ಸಂಧಿವಾತಕ್ಕೆ ಕೊಡುವ ಬ್ಯಾರಿಸಿಟಿನಿಬ್ ಮಾತ್ರೆ ಆಸ್ಪತ್ರೆ ಸೇರಿದವರ ಸಾವನ್ನು ಶೇ. 13ರಷ್ಟು ಇಳಿಸಿದ್ದು 2022ರಲ್ಲಿ ಗೊತ್ತಾಯಿತು.

ನನ್ನ ತಕರಾರು ವಿಜ್ಞಾನದ ಬಗ್ಗೆ ಅಲ್ಲ, ಅದನ್ನು ಬಳಸಿಕೊಳ್ಳೋ ರೀತಿ ಬಗ್ಗೆ. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದವರು ಹೆಚ್ಚು ಸತ್ತರು, ಸರಿ. ಆದರೆ ಮೊದಲ ಅಲೆಯಲ್ಲಿ ಕಪ್ಪು ಜನಾಂಗದವರೂ ಹೆಚ್ಚು ಸತ್ತರು. ಆಫ್ರಿಕಾದ ಜನರಲ್ಲಿ ಈ ತುಣುಕು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ಇಕ್ಕಟ್ಟಾದ ಮನೆ, ಬಸ್ ಓಡಿಸೋ ಕೆಲಸ, ಆಸ್ಪತ್ರೆಯ ಪಾಳಿ ಇವುಗಳನ್ನು ಬಿಟ್ಟು ಲೆಕ್ಕ ಮುಗಿಯಲ್ಲ. ನಮ್ಮಲ್ಲೂ ಅಷ್ಟೇ. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮತ್ತು ಬನಾರಸ್ ಹಿಂದೂ ವಿವಿಯ ಜ್ಞಾನೇಶ್ವರ್ ಚೌಬೆ ಅವರ ತಂಡ 2021ರಲ್ಲಿ ಹುಡುಕಿದಾಗ, ದಕ್ಷಿಣ ಏಷ್ಯಾದ ಸಾವಿನ ಪ್ರಮಾಣಕ್ಕೂ ಈ ತುಣುಕಿಗೂ ನಂಟು ಸಿಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತಿದ್ದು ಆಕ್ಸಿಜನ್ ವಿಷಯದಲ್ಲಿ. ಅದಕ್ಕೆ ಯಾವ ಕ್ರೋಮೋಸೋಮ್ ಹೊಣೆ?

ಚಿಕ್ಕಪ್ಪ ಮೊನ್ನೆ ಕೇಳಿದರು, "ನಂದೂ ಒಂದು ಜೀನ್ ಟೆಸ್ಟ್ ಮಾಡಿಸಿಬಿಡ್ಲಾ?" ಬೇಡ ಅಂದೆ. ರಿಪೋರ್ಟ್ ಏನೇ ಬರಲಿ, ಅವರು ಮಾಡಬೇಕಾದ್ದು ಬದಲಾಗಲ್ಲ. ಅವರು ಉಳಿದಿದ್ದು ನಾಲ್ಕನೇ ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿದ್ದಕ್ಕೆ.