ಊರಿನ ಕಾನೂನನ್ನು ಊರಿನವರೇ ತಿದ್ದಿದ ಕತೆ

ಇತಿಹಾಸ ಅಂದ ಕೂಡಲೇ ನಮಗೆ ರಾಜರು, ಯುದ್ಧಗಳು, ಇಸವಿಗಳು ನೆನಪಾಗುತ್ತವೆ. ಶಾಲೆಯಲ್ಲಿ ಓದಿದ್ದೇ ಅದು. ನನಗೋ ಮುನಿಸಿಪಾಲಿಟಿಗಳ ಇತಿಹಾಸದ ಮೇಲೆ ಒಂಥರಾ ಹುಚ್ಚು. ನಲ್ಲಿ ನೀರು, ಚರಂಡಿ, ಬೀದಿದೀಪ... ಇವುಗಳ ಹಿಂದೆ ಯಾರು, ಯಾವಾಗ, ಏನು ತೀರ್ಮಾನ ಮಾಡಿದರು ಅಂತ ಹುಡುಕುತ್ತಾ ಹೋದರೆ ಯುದ್ಧದ ಕತೆಗಿಂತ ರೋಚಕವಾದದ್ದು ಸಿಗುತ್ತದೆ. ಇವತ್ತು ಅಂಥದ್ದೊಂದು ಕತೆ ಹೇಳುತ್ತೇನೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಊರಿನದು. ಅಲ್ಲಿ ಇಪ್ಪತ್ತು ಮಂದಿ ನಾಗರಿಕರ ಒಂದು ಆಯೋಗ, ನೂರಕ್ಕೂ ಹೆಚ್ಚು ವರ್ಷದಿಂದ ನಡೆದು ಬಂದ ನಗರಾಡಳಿತವನ್ನು ಬುಡದಿಂದಲೇ ಬದಲಿಸಿತು.

ಮೊದಲು ಒಂದು ಮಾತು. ಅಲ್ಲಿನ ಊರುಗಳಿಗೆ 'ಚಾರ್ಟರ್' ಅಂತ ಇರುತ್ತದೆ. ಊರಿನ ಸಂವಿಧಾನ ಅನ್ನಿ. ಎಷ್ಟು ಜನ ಸದಸ್ಯರು, ಮೇಯರ್ ಅಧಿಕಾರ ಏನು, ಚುನಾವಣೆ ಹೇಗೆ, ಎಲ್ಲ ಅದರಲ್ಲಿ. ನಮ್ಮಲ್ಲಿ ನಗರಪಾಲಿಕೆಗಳ ಕಾನೂನು ಮಾಡುವುದು ರಾಜ್ಯದ ಶಾಸನಸಭೆ. ಒರೆಗಾನ್‌ನಲ್ಲೂ ಹಾಗೇ ಇತ್ತು. 1906ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು, ಆಯಾ ಊರಿನ ಚಾರ್ಟರನ್ನು ಆಯಾ ಊರಿನ ಮತದಾರರೇ ಬರೆಯಬಹುದು, ತಿದ್ದಬಹುದು ಅಂತ ಮಾಡಿಕೊಂಡರು. ಈ ಕತೆಯ ಬೇರು ಇರುವುದೇ ಅಲ್ಲಿ.

ಈಗ ಸ್ವಲ್ಪ ಹಿಂದಕ್ಕೆ, ದೂರದ ಟೆಕ್ಸಾಸ್‌ಗೆ ಹೋಗೋಣ. 1900ರ ಸೆಪ್ಟೆಂಬರ್ 8ರಂದು ಗ್ಯಾಲ್ವೆಸ್ಟನ್ ಎಂಬ ಬಂದರು ಪಟ್ಟಣಕ್ಕೆ ಚಂಡಮಾರುತ ಬಡಿಯಿತು. ಸಾವಿರಾರು ಜನ ಸತ್ತರು. ಹಾಳಾದ ಊರನ್ನು ಮತ್ತೆ ಕಟ್ಟಬೇಕಲ್ಲ? ಹಳೆಯ ಪುರಸಭೆಯ ಕೈಯಲ್ಲಿ ಆಗುವುದಿಲ್ಲ ಅಂತ 1901ರಲ್ಲಿ ಐದು ಜನರ ಒಂದು 'ಕಮಿಷನ್' ಮಾಡಿದರು. (ನಮ್ಮಲ್ಲಿ ಕಮಿಷನ್ ಅಂದರೆ ಬೇರೇನೋ ನೆನಪಾಗುತ್ತದೆ. ಇದು ಅದಲ್ಲ!) ಒಬ್ಬೊಬ್ಬರಿಗೆ ಒಂದೊಂದು ಜವಾಬ್ದಾರಿ. ಕಾನೂನು ಮಾಡುವವರೂ ಅವರೇ, ಇಲಾಖೆ ನಡೆಸುವವರೂ ಅವರೇ. ಕೆಲಸ ಬೇಗ ಆಯಿತು. ನೋಡನೋಡುತ್ತಾ ಅಮೆರಿಕದ ನೂರಾರು ಊರುಗಳು ಈ ಪದ್ಧತಿಯನ್ನು ನಕಲು ಮಾಡಿದವು.

1913ರಲ್ಲಿ ಪೋರ್ಟ್‌ಲ್ಯಾಂಡ್‌ನ ಮತದಾರರೂ ಅದನ್ನು ಒಪ್ಪಿಕೊಂಡರು. ವಾರ್ಡಿನ ಸದಸ್ಯರು ಅಂದರೆ ಲಂಚ, ವಶೀಲಿ ಅನ್ನುವ ಮಾತು ಆಗ ಎಲ್ಲ ಕಡೆ ಇತ್ತು. ವಾರ್ಡುಗಳನ್ನೇ ತೆಗೆದುಹಾಕಿದರು. ಒಬ್ಬ ಮೇಯರ್, ನಾಲ್ವರು ಕಮಿಷನರ್‌ಗಳು. ಐವರನ್ನೂ ಇಡೀ ಊರೇ ಆರಿಸಬೇಕು.

ನಮ್ಮಲ್ಲಿ ಕಮಿಷನರ್ ಅಂದರೆ ಐಎಎಸ್ ಅಧಿಕಾರಿ. ಅಲ್ಲಿ ಹಾಗಲ್ಲ, ಚುನಾವಣೆ ಗೆದ್ದ ರಾಜಕಾರಣಿ. ಗೆದ್ದ ಮೇಲೆ ಮೇಯರ್ ಇಲಾಖೆ ಹಂಚುತ್ತಾರೆ. ನಿನಗೆ ನೀರು ಸರಬರಾಜು, ನಿನಗೆ ರಸ್ತೆ, ನಿನಗೆ ಅಗ್ನಿಶಾಮಕ ದಳ ಅಂತ. ಆ ಇಲಾಖೆಯ ಗಂಧಗಾಳಿ ಗೊತ್ತಿರಬೇಕು ಅಂತೇನೂ ಇಲ್ಲ. ಬಜೆಟ್ ಬಂದಾಗ ಪ್ರತಿಯೊಬ್ಬರೂ ತಮ್ಮ ಇಲಾಖೆಯ ವಕೀಲರಾಗುತ್ತಿದ್ದರು. ಮೇಯರ್‌ಗೂ ಸಭೆಯಲ್ಲಿ ಇರುವುದು ಒಂದೇ ಮತ. ಹಾಗಾದರೆ ಊರಿನ ಒಟ್ಟು ಜವಾಬ್ದಾರಿ ಯಾರದ್ದು? ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಪ್ರಾತಿನಿಧ್ಯಕ್ಕೆ. ಇಡೀ ಊರಿನಲ್ಲಿ ಪ್ರಚಾರ ಮಾಡಬೇಕಾದರೆ ದುಡ್ಡು ಬೇಕು, ಹೆಸರು ಬೇಕು. ಕರಿಯ ಜನಾಂಗದ ಮೊದಲ ಕಮಿಷನರ್ ಚಾರ್ಲ್ಸ್ ಜೋರ್ಡನ್ ಆ ಕುರ್ಚಿಗೆ ಬಂದದ್ದು 1974ರಲ್ಲಿ, ಅದೂ ಮೊದಲು ನೇಮಕದಿಂದ. ಕರಿಯ ಮಹಿಳೆಯೊಬ್ಬರು, ಜೋ ಆನ್ ಹಾರ್ಡೆಸ್ಟಿ, ಗೆಲ್ಲಲು 2018ರವರೆಗೆ ಕಾಯಬೇಕಾಯಿತು. ಕರಿಯರು ಹೆಚ್ಚಾಗಿದ್ದ ಆಲ್ಬಿನಾ ಬಡಾವಣೆಯಲ್ಲಿ 1950ರಿಂದ 70ರ ದಶಕಗಳಲ್ಲಿ ಕ್ರೀಡಾಂಗಣಕ್ಕೆ, ಹೆದ್ದಾರಿಗೆ, ಆಸ್ಪತ್ರೆಯ ವಿಸ್ತರಣೆಗೆ ಅಂತ ಸಾಲುಸಾಲು ಮನೆಗಳನ್ನು ಕೆಡವಿದರು. ಆಗ "ಇದು ನನ್ನ ವಾರ್ಡು, ಮುಟ್ಟಬೇಡಿ" ಅನ್ನಲು ಯಾರಿದ್ದರು? ವಾರ್ಡೇ ಇರಲಿಲ್ಲವಲ್ಲ! ಆಮೇಲೆ, ಮುಖ್ಯವಾಗಿ 1980-90ರ ದಶಕಗಳಲ್ಲಿ, ಪೂರ್ವದ ದೊಡ್ಡ ಪ್ರದೇಶವನ್ನು ಊರಿಗೆ ಸೇರಿಸಿಕೊಂಡರು. ತೆರಿಗೆ ಬಂತು. ಆದರೆ ಎಷ್ಟೋ ಬೀದಿಗಳಿಗೆ ಫುಟ್‌ಪಾತ್ ಬರಲಿಲ್ಲ. ಆ ಭಾಗದಲ್ಲಿ ವಾಸವಿದ್ದು ಸಭೆಗೆ ಹೋದವರು ಬೆರಳೆಣಿಕೆಯಷ್ಟು ಮಾತ್ರ.

ಬದಲಿಸುವ ಪ್ರಯತ್ನ ಆಗಲಿಲ್ಲವೇ? ಆಯಿತು. 1958, 1966, 2002, 2007... ಪ್ರತಿ ಸಲವೂ ಮತದಾರರೇ "ಬೇಡ" ಅಂದರು. ಈ ಪದ್ಧತಿ ಹುಟ್ಟಿದ ಗ್ಯಾಲ್ವೆಸ್ಟನ್ನೇ 1960ರಲ್ಲಿ ಇದನ್ನು ಕೈಬಿಟ್ಟಿತ್ತು. ಪೋರ್ಟ್‌ಲ್ಯಾಂಡ್ ಬಿಡಲಿಲ್ಲ. ಅಮೆರಿಕದ ದೊಡ್ಡ ಊರುಗಳಲ್ಲಿ ಕೊನೆಗೆ ಈ ಪದ್ಧತಿ ಉಳಿದದ್ದು ಅಲ್ಲೊಂದೇ.

ಇಲ್ಲಿ ನನಗೆ ಬಹಳ ಇಷ್ಟವಾಗುವ ತಿರುವು ಬರುತ್ತದೆ. 2007ರ ಮೇ ತಿಂಗಳಲ್ಲಿ, ಟಾಮ್ ಪಾಟರ್ ಮೇಯರ್ ಆಗಿದ್ದಾಗ, ಚಾರ್ಟರ್ ಬಗ್ಗೆ ಹಲವು ಪ್ರಶ್ನೆಗಳು ಒಟ್ಟಿಗೆ ಮತಕ್ಕೆ ಬಂದವು. ಮೇಯರ್‌ಗೆ ಹೆಚ್ಚು ಅಧಿಕಾರ ಕೊಟ್ಟು ಪದ್ಧತಿ ಬದಲಿಸೋಣವೇ ಅನ್ನುವ ಪ್ರಶ್ನೆಗೆ ಸುಮಾರು ಮುಕ್ಕಾಲು ಪಾಲು ಜನ ಇಲ್ಲ ಅಂದರು. ಅದೇ ಮತಪತ್ರದಲ್ಲಿ ಇನ್ನೊಂದು ಸಪ್ಪೆ ಪ್ರಶ್ನೆ ಇತ್ತು: ಕನಿಷ್ಠ ಹತ್ತು ವರ್ಷಕ್ಕೊಮ್ಮೆ ನಾಗರಿಕರ ಆಯೋಗವೊಂದು ಚಾರ್ಟರನ್ನು ಪರಿಶೀಲಿಸಬೇಕೇ? ಅದಕ್ಕೆ ಹೂಂ ಅಂದರು! ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಯಿತು.

ಆ ನಿಯಮದ ಜೀವ ಇರುವುದು ಒಂದು ಅಂಕಿಯಲ್ಲಿ. ಆಯೋಗಕ್ಕೆ ಇಪ್ಪತ್ತು ಸದಸ್ಯರು. ಅವರನ್ನು ನೇಮಿಸುವುದು ನಗರಸಭೆಯೇ. ಬರೀ ಬಹುಮತದಿಂದ ಒಪ್ಪಿದ ಶಿಫಾರಸು ನಗರಸಭೆಯ ಮುಂದೆ ಹೋಗುತ್ತದೆ. ಅವರು ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ಆದರೆ ಇಪ್ಪತ್ತರಲ್ಲಿ ಹದಿನೈದು ಜನ ಒಪ್ಪಿದರೆ ಪ್ರಸ್ತಾಪ ನೇರವಾಗಿ ಮತದಾರರ ಮುಂದೆ ಹೋಗುತ್ತದೆ. ನಗರಸಭೆ ತಡೆಯುವ ಹಾಗಿಲ್ಲ.

ಇದರ ಮಹತ್ವ ನೋಡಿ. ನಮಗೆ ಸಮಿತಿಗಳೇನು ಹೊಸತಲ್ಲ. ಸಮಿತಿ ಮಾಡುತ್ತಾರೆ, ವರದಿ ಬರುತ್ತದೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ವರದಿ ಕಪಾಟು ಸೇರುತ್ತದೆ. ಯಾಕೆ? ಓದಿ ಒಪ್ಪಬೇಕಾದವರು, ಅದರಿಂದ ಕುರ್ಚಿ ಕಳೆದುಕೊಳ್ಳುವವರೇ ಆಗಿರುತ್ತಾರೆ. ತಾನು ಕೂತ ಕೊಂಬೆಯನ್ನು ತಾನೇ ಯಾರು ಕಡಿಯುತ್ತಾರೆ? ಆ ಗಂಟನ್ನು ಬಿಚ್ಚಿದ್ದು ಈ ಹದಿನೈದು ಎಂಬ ಅಂಕಿ.

ಆದರೂ 2011ರಲ್ಲಿ ಸೇರಿದ ಮೊದಲ ಆಯೋಗ ಸಣ್ಣಪುಟ್ಟ ತಿದ್ದುಪಡಿಗಳಲ್ಲೇ ಮುಗಿಯಿತು. ಅಸ್ತ್ರ ಕೈಯಲ್ಲಿದ್ದರೆ ಸಾಲದು, ಊರಿನಲ್ಲಿ ಮಾತು ಹುಟ್ಟಬೇಕು. 2019ರಲ್ಲಿ ಅಲ್ಲಿನ ಸಿಟಿ ಕ್ಲಬ್ ಎಂಬ ಹಳೆಯ ನಾಗರಿಕ ಸಂಸ್ಥೆ ಒಂದು ವರದಿ ತಂದು, ಕಮಿಷನ್ ಪದ್ಧತಿ ಸಾಕು, ಪ್ರದೇಶವಾರು ಪ್ರತಿನಿಧಿಗಳು ಬೇಕು ಅಂತ ಬಿಚ್ಚಿ ಹೇಳಿತು. 2020ರ ಡಿಸೆಂಬರಿನಲ್ಲಿ ಎರಡನೇ ಆಯೋಗ ನೇಮಕವಾಯಿತು. ಕೋವಿಡ್ ಕಾಲ, ಸಭೆಗಳು ಹೆಚ್ಚಾಗಿ ಕಂಪ್ಯೂಟರ್ ಪರದೆಯ ಮೇಲೇ ನಡೆದವು. ಒಂದೂವರೆ ವರ್ಷ ಜನರ ಮಾತು ಕೇಳಿ, ತಮ್ಮೊಳಗೆ ವಾದ ಮಾಡಿ, 2022ರ ಜೂನ್‌ನಲ್ಲಿ ಮತ ಹಾಕಿದರು. ಪರವಾಗಿ 17, ವಿರುದ್ಧ 3. ಹದಿನೈದರ ಗೆರೆ ದಾಟಿತ್ತು.

ಪ್ರಸ್ತಾಪ ಹೀಗಿತ್ತು. ಊರಿಗೆ ನಾಲ್ಕು ಕ್ಷೇತ್ರ, ಒಂದೊಂದರಿಂದ ಮೂವರು, ಒಟ್ಟು ಹನ್ನೆರಡು ಸದಸ್ಯರು. ಅವರು ಕಾನೂನು ಮಾಡಬೇಕು, ಇಲಾಖೆ ನಡೆಸಬಾರದು. ಇಲಾಖೆಗಳು ಮೇಯರ್ ಮತ್ತು ಅವರ ಕೈಕೆಳಗಿನ ವೃತ್ತಿಪರ ಆಡಳಿತಾಧಿಕಾರಿಯ ಪಾಲಿಗೆ. ಸದಸ್ಯರ ಮತ ಸಮ ಬಿದ್ದಾಗ ಮಾತ್ರ ಮೇಯರ್ ಮತ ಹಾಕಬಹುದು. ಇನ್ನು ಚುನಾವಣೆಯಲ್ಲಿ ಮತದಾರ ಅಭ್ಯರ್ಥಿಗಳಿಗೆ 1, 2, 3 ಅಂತ ಪ್ರಾಶಸ್ತ್ಯ ಕೊಡಬೇಕು. ಕ್ಷೇತ್ರದ ಕಾಲು ಭಾಗಕ್ಕಿಂತ ಹೆಚ್ಚು ಮತ ಸಿಕ್ಕವರು ಗೆದ್ದ ಹಾಗೆ. ಅವರಿಗೆ ಹೆಚ್ಚಾಗಿ ಬಿದ್ದ ಮತಗಳೂ, ಸೋತವರ ಮತಗಳೂ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತವೆ. ಕಷ್ಟ ಅನ್ನಿಸಿತೇ? ನಮ್ಮ ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ ಶಾಸಕರು ಮತ ಹಾಕುವ ವಿಧಾನವೂ ಇದೇ. ನಮ್ಮಲ್ಲಿ ಶಾಸಕರು ಮಾಡುವುದನ್ನು ಅಲ್ಲಿ ಸಾಮಾನ್ಯ ಮತದಾರ ಮಾಡಬೇಕು, ಅಷ್ಟೇ.

ವಿರೋಧ ಜೋರಾಗೇ ಬಂತು. ಮಿಂಗಸ್ ಮ್ಯಾಪ್ಸ್ ಎಂಬ ಕಮಿಷನರ್ ಪದ್ಧತಿ ಬದಲಾಗಬೇಕು ಅನ್ನುವವರೇ, ಆದರೆ ಈ ರೀತಿ ಬೇಡ ಅಂದರು. ಮೂರು ದೊಡ್ಡ ಬದಲಾವಣೆಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿ ಕೇಳುವುದು ಸರಿಯಲ್ಲ ಅಂತ ವ್ಯಾಪಾರಿಗಳ ಸಂಘದ ಕಡೆಯವರು ಕೋರ್ಟಿಗೂ ಹೋದರು. ಕೋರ್ಟು ಒಪ್ಪಲಿಲ್ಲ. ಆ ಆಕ್ಷೇಪದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಊಟದಲ್ಲಿ ಒಂದು ಪಲ್ಯ ಬೇಡವಾದರೆ ಇಡೀ ಎಲೆಯನ್ನೇ ಬಿಟ್ಟು ಏಳಬೇಕು ಅಂದಂತೆ ಅದು. ಆದರೆ ಆಯೋಗದವರ ವಾದವೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ: ಇವು ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ಮಾತ್ರ ಬದಲಿಸಿದರೆ ಇನ್ನೊಂದು ಕೆಡುತ್ತದೆ. 2022ರ ನವೆಂಬರಿನಲ್ಲಿ ಸುಮಾರು ಶೇಕಡಾ 58ರಷ್ಟು ಮತದಾರರು ಹೂಂ ಅಂದರು. ಹದಿನೈದು ವರ್ಷ ಹಿಂದೆ ಮುಕ್ಕಾಲು ಪಾಲು ಬೇಡ ಅಂದಿದ್ದ ಅದೇ ಊರು!

ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನೂ ರಾಜಕಾರಣಿಗಳಿಗೆ ಬಿಡಲಿಲ್ಲ. ಅದಕ್ಕೆ ಹದಿಮೂರು ಜನರ ಬೇರೊಂದು ಆಯೋಗ. 2024ರ ನವೆಂಬರಿನಲ್ಲಿ ಹೊಸ ಪದ್ಧತಿಯ ಮೊದಲ ಚುನಾವಣೆ. ಹನ್ನೆರಡು ಸ್ಥಾನಕ್ಕೆ ತೊಂಬತ್ತಕ್ಕೂ ಹೆಚ್ಚು ಅಭ್ಯರ್ಥಿಗಳು! ಅದುವರೆಗೆ ಯಾವ ಅಧಿಕಾರವನ್ನೂ ಹಿಡಿದಿರದ, ಲಾರಿ ಸಾಗಣೆ ಕಂಪನಿ ನಡೆಸುತ್ತಿದ್ದ ಕೀತ್ ವಿಲ್ಸನ್ ಮೇಯರ್ ಆದರು. ಫುಟ್‌ಪಾತ್ ಇಲ್ಲದ ಆ ಪೂರ್ವ ಭಾಗಕ್ಕೆ ಒಟ್ಟಿಗೇ ಮೂವರು ಪ್ರತಿನಿಧಿಗಳು ಸಿಕ್ಕರು. ಅವರಲ್ಲೊಬ್ಬರಾದ ಕ್ಯಾಂಡೇಸ್ ಅವಾಲೋಸ್ ಚಾರ್ಟರ್ ಆಯೋಗದ ಸದಸ್ಯೆಯೂ ಆಗಿದ್ದವರು.

ಎಲ್ಲ ಸುಖಾಂತವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಾಲ್ಕು ಕ್ಷೇತ್ರಗಳಲ್ಲಿ ಅತಿ ಕಡಿಮೆ ಮತದಾನ ಆದದ್ದು ಆ ಪೂರ್ವ ಭಾಗದಲ್ಲೇ. ಯಾರಿಗಾಗಿ ಬಾಗಿಲು ತೆರೆದರೋ ಅವರಲ್ಲೇ ಎಷ್ಟೋ ಜನ ಒಳಗೆ ಬರಲಿಲ್ಲ. 2025ರ ಜನವರಿಯಲ್ಲಿ ಹೊಸ ಸಭೆ ಸೇರಿದ ಮೊದಲ ದಿನವೇ, ಅಧ್ಯಕ್ಷರ ಆಯ್ಕೆಗೆ ಆರು-ಆರು ಮತ ಬಿದ್ದು ಹಲವು ಸುತ್ತು ಮತ ಹಾಕಬೇಕಾಯಿತು. ಸಮಸಂಖ್ಯೆಯ ಸಭೆ ಮಾಡಿದರೆ ಹೀಗೇ ಆಗುತ್ತದೆ ಅಂತ ಮೊದಲೇ ಎಚ್ಚರಿಸಿದವರು ನಕ್ಕಿರಬೇಕು.

ಇರಲಿ. ಹೊಸ ಪದ್ಧತಿ ಒಳ್ಳೆಯದೋ ಕೆಟ್ಟದೋ ಅದನ್ನು ಆ ಊರಿನವರು ಬದುಕಿ ನೋಡಬೇಕು. ನನ್ನ ಮನಸ್ಸಿನಲ್ಲಿ ಉಳಿಯುವುದು ಬೇರೆಯೇ. 1913ರವರೂ ಕೆಟ್ಟವರಲ್ಲ, ಭ್ರಷ್ಟಾಚಾರ ಹೋಗಲಿ ಅಂತಲೇ ವಾರ್ಡು ತೆಗೆದರು. ಅದರ ಬೆಲೆಯನ್ನು ಮೊಮ್ಮಕ್ಕಳ ಕಾಲದ ಆಲ್ಬಿನಾದವರು ತೆತ್ತರು. 2022ರವರ ಲೆಕ್ಕವೂ ಎಲ್ಲೋ ತಪ್ಪಿರಬಹುದು. ವ್ಯತ್ಯಾಸ ಇಷ್ಟೇ: ಈಗ ಹತ್ತು ವರ್ಷಕ್ಕೊಮ್ಮೆ ತೆರೆದು ನೋಡಲೇಬೇಕು ಅನ್ನುವ ಕಟ್ಟಳೆ ಇದೆ, ಕುರ್ಚಿಯಲ್ಲಿ ಕೂತವರ ಅಪ್ಪಣೆ ಕೇಳದೆ ಜನರ ಮುಂದೆ ಇಡುವ ದಾರಿಯೂ ಇದೆ. ತಪ್ಪದ ಕಾನೂನನ್ನು ಯಾವ ಊರೂ ಬರೆದಿಲ್ಲ. ತಿದ್ದುವ ದಾರಿಯನ್ನು ಕಾನೂನಿನೊಳಗೇ ಇಟ್ಟುಕೊಂಡ ಊರು ಮಾತ್ರ ಪುಣ್ಯ ಮಾಡಿದ ಊರು.

ನಿಮ್ಮ ಊರಿನ ಆಡಳಿತದ ಕಾನೂನನ್ನು ಯಾರು ಬರೆದರು, ಕೊನೆಯ ಸಲ ಯಾರು ತಿದ್ದಿದರು, ತಿದ್ದುವಾಗ ನಿಮ್ಮನ್ನು ಯಾರಾದರೂ ಕೇಳಿದರೇ? ಬಿಡುವಾದಾಗ ಒಮ್ಮೆ ಹುಡುಕಿ ನೋಡಿ. ಯುದ್ಧದ ಕತೆಗಿಂತ ರೋಚಕ ಅಂತ ನಾನು ಸುಮ್ಮನೆ ಹೇಳಲಿಲ್ಲ.