ದೀರ್ಘಕಾಲದ ನೋವಿಗೆ ಗಾಂಜಾ ಮದ್ದಾದೀತೆ? ಕಾನೂನಿನ ಗೆರೆ, ವಿಜ್ಞಾನದ ಮಾತು

ಬಾಗೂರು (ಚನ್ನರಾಯಪಟ್ಟಣ ತಾಲ್ಲೂಕು): ಹೇಮಾವತಿಯ ನೀರನ್ನು ತುಮಕೂರಿನತ್ತ ಸಾಗಿಸುವ ಬಾಗೂರು-ನವಿಲೆ ಸುರಂಗದಿಂದ ಹೆಸರಾದ ಹೋಬಳಿ ಕೇಂದ್ರವಿದು. ಸುತ್ತಲೂ ತೆಂಗಿನ ತೋಟ, ರಾಗಿ ಹೊಲ. ಮರ ಹತ್ತಿ ಇಳಿದು, ಹೊರೆ ಹೊತ್ತು, ಬಾಗಿ ಕಳೆ ಕಿತ್ತು ಬದುಕು ಸಾಗಿಸುವ ಇಂತಹ ಊರುಗಳಲ್ಲಿ ಸೊಂಟನೋವು, ಮಂಡಿನೋವು ಹೊಸ ಸುದ್ದಿಯೇನಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿ ಸೋತವರ ಮುಂದೆ ಈಗ ಮೊಬೈಲ್ ಪರದೆಯ ಮೂಲಕ ಹೊಸದೊಂದು ಆಸೆ ಬಂದು ನಿಂತಿದೆ. ಅದು ಗಾಂಜಾ ಗಿಡದಿಂದ ತಯಾರಾದ ಎಣ್ಣೆ.

'ವಿಜಯಾ' ಎಂಬ ಹೆಸರಿನ ಆಯುರ್ವೇದ ತೈಲವನ್ನು ವೈದ್ಯರ ಚೀಟಿ ಇದ್ದರೆ ಮನೆಗೇ ತರಿಸಿಕೊಳ್ಳಬಹುದು. ಅದೇ ಗಿಡವನ್ನು ಹಿತ್ತಲಿನಲ್ಲಿ ಬೆಳೆದರೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಎರಡೂ ನಿಜ. ಇವೆರಡರ ನಡುವಿನ ಗೆರೆಯನ್ನು ತಿಳಿಯದ ರೋಗಿ ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳಬೇಕಾದೀತು.

ಗಿಡ ಒಂದು, ಹೆಸರು ಹಲವು

ಕಾನೂನಿನ ಕಣ್ಣಿಗೆ ಈ ಗಿಡದ ಎಲ್ಲ ಭಾಗಗಳೂ ಒಂದೇ ಅಲ್ಲ. 1985ರ ಮಾದಕ ವಸ್ತು ಮತ್ತು ಮನೋಪರಿಣಾಮಕಾರಿ ಪದಾರ್ಥಗಳ ಕಾಯ್ದೆ (ಎನ್‌ಡಿಪಿಎಸ್) ಹೂವು ಅಥವಾ ಕಾಯಿ ಬಿಟ್ಟ ತುದಿಗಳನ್ನು 'ಗಾಂಜಾ' ಎಂದೂ, ಗಿಡದಿಂದ ಬೇರ್ಪಡಿಸಿದ ಅಂಟನ್ನು 'ಚರಸ್' ಎಂದೂ ಕರೆಯುತ್ತದೆ. ತುದಿಗಳ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜಗಳು ಗಾಂಜಾದ ವ್ಯಾಖ್ಯೆಯಿಂದ ಹೊರಗುಳಿದಿವೆ. ಕನ್ನಡದಲ್ಲಿ ಭಂಗಿ ಸೊಪ್ಪು ಎಂದು ಕರೆಯುವುದು ಈ ಎಲೆಯನ್ನೇ.

ಈ ವಿಂಗಡಣೆಗೆ ಹಳೆಯ ಬೇರುಗಳಿವೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು, ಮಿತವಾದ ಬಳಕೆಯಿಂದ ದೊಡ್ಡ ಹಾನಿ ಇಲ್ಲ, ಅತಿಯಾದರೆ ಹಾನಿ ಖಚಿತ ಎಂಬ ತೀರ್ಮಾನಕ್ಕೆ ಬಂದಿತು. ಸಂಪೂರ್ಣ ನಿಷೇಧವನ್ನು ಅದು ಶಿಫಾರಸು ಮಾಡಲಿಲ್ಲ. 1961ರ ಅಂತರರಾಷ್ಟ್ರೀಯ ಮಾದಕ ವಸ್ತು ಒಪ್ಪಂದವೂ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. 1985ರ ಕಾಯ್ದೆ ಅದೇ ಜಾಡಿನಲ್ಲಿ ಸಾಗಿದೆ.

ಹಿತ್ತಲ ಗಿಡಕ್ಕೆ ವಿನಾಯಿತಿ ಇಲ್ಲ

ಎನ್‌ಡಿಪಿಎಸ್ ಕಾಯ್ದೆಯ 8ನೇ ಕಲಂ ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದೇ ಇಟ್ಟಿದೆ. ಆದರೆ ಅದು ಸರ್ಕಾರದ ಪರವಾನಗಿ ಎಂಬ ಬೀಗವಿರುವ ಬಾಗಿಲು. 'ನನ್ನ ನೋವಿಗೆ ನಾನೇ ಬೆಳೆದುಕೊಂಡೆ' ಎಂಬ ಸಮರ್ಥನೆ ಅಲ್ಲಿ ನಡೆಯುವುದಿಲ್ಲ. ಪರವಾನಗಿ ಇಲ್ಲದೆ ಬೆಳೆದವರಿಗೆ 20ನೇ ಕಲಮಿನಡಿ 10 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇಟ್ಟುಕೊಂಡ ಗಾಂಜಾಕ್ಕೆ ಶಿಕ್ಷೆಯ ಅಳತೆ ತೂಕದ ಮೇಲೆ ನಿಂತಿದೆ. 1 ಕಿಲೋವರೆಗಿನದು 'ಅಲ್ಪ ಪ್ರಮಾಣ'. ಇದಕ್ಕೆ 1 ವರ್ಷದವರೆಗೆ ಸೆರೆವಾಸ, 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'. ಆಗ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಚರಸ್‌ಗೆ ಈ ಮಿತಿಗಳು ಕ್ರಮವಾಗಿ 100 ಗ್ರಾಂ ಮತ್ತು 1 ಕಿಲೋ. ಸೇವನೆಗೂ ಶಿಕ್ಷೆಯಿದೆ: ಗಾಂಜಾ ಸೇದಿದ್ದು ಸಾಬೀತಾದರೆ 27ನೇ ಕಲಮಿನಡಿ 6 ತಿಂಗಳವರೆಗೆ ಸೆರೆವಾಸ ಆಗಬಹುದು. ವ್ಯಸನದಿಂದ ಹೊರಬರಲು ತಾವಾಗಿ ಚಿಕಿತ್ಸೆಗೆ ಮುಂದಾದವರಿಗೆ, ಅಲ್ಪ ಪ್ರಮಾಣದ ಮತ್ತು ಸೇವನೆಯ ಪ್ರಕರಣಗಳಲ್ಲಿ, 64ಎ ಕಲಂ ರಕ್ಷಣೆ ನೀಡುತ್ತದೆ ಎಂಬುದು ಉಲ್ಲೇಖಾರ್ಹ.

ಹೈಕೋರ್ಟ್ ಹೇಳಿದ್ದೇನು?

ಭಂಗಿಯ ವಿಷಯ ಕರ್ನಾಟಕ ಹೈಕೋರ್ಟ್ ಮುಂದೆ ಬಂದದ್ದು 2022ರಲ್ಲಿ. ಬೆಂಗಳೂರಿನಲ್ಲಿ ಸುಮಾರು 29 ಕಿಲೋ ಭಂಗಿ ಹಾಗೂ 400 ಗ್ರಾಂ ಗಾಂಜಾ ಸಹಿತ ಬಂಧಿತನಾಗಿದ್ದ ಆರೋಪಿಗೆ ನ್ಯಾಯಮೂರ್ತಿ ಕೆ. ನಟರಾಜನ್ ಅವರ ಏಕಸದಸ್ಯ ಪೀಠ ಆ ವರ್ಷದ ಆಗಸ್ಟ್‌ನಲ್ಲಿ ಜಾಮೀನು ನೀಡಿತು. ಭಂಗಿಯನ್ನು ಗಾಂಜಾ ಇಲ್ಲವೇ ಚರಸ್‌ನಿಂದ ತಯಾರಿಸಲಾಗಿದೆ ಎಂದು ತೋರಿಸುವ ವೈಜ್ಞಾನಿಕ ಸಾಕ್ಷ್ಯ ಇಲ್ಲದಿರುವುದನ್ನು ಪೀಠ ಗಮನಿಸಿತು. ಎನ್‌ಡಿಪಿಎಸ್ ಕಾಯ್ದೆ ಭಂಗಿಯನ್ನು ಹೆಸರಿಸಿ ನಿಷೇಧಿಸಿಲ್ಲ ಎಂಬುದನ್ನೂ ಹೇಳಿತು.

ಇದು ಜಾಮೀನು ಆದೇಶವೇ ಹೊರತು ಭಂಗಿಗೆ ನೀಡಿದ ಮುಕ್ತ ಪರವಾನಗಿಯಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ದೃಷ್ಟಿಯಲ್ಲಿ ಭಂಗಿ ಮಾದಕ ಪದಾರ್ಥವೇ. ಜೊತೆಗೆ, ಎಲೆಯೊಂದಿಗೆ ಹೂತುದಿ ಬೆರೆತಿದ್ದರೆ ಪ್ರಕರಣ ಮತ್ತೆ ಎನ್‌ಡಿಪಿಎಸ್ ವ್ಯಾಪ್ತಿಗೆ ಬರುತ್ತದೆ.

ಆಯುರ್ವೇದದ ದಾರಿ

ರೋಗಿಗೆ ಇಂದು ಕಾನೂನುಬದ್ಧವಾಗಿ ತೆರೆದಿರುವ ಮುಖ್ಯ ದಾರಿ ಆಯುರ್ವೇದದ್ದು. ಶಾರ್ಙ್ಗಧರ ಸಂಹಿತೆ ಭಂಗಿಯನ್ನು ಉಲ್ಲೇಖಿಸುತ್ತದೆ. ಜಾತೀಫಲಾದಿ ಚೂರ್ಣದಂತಹ ಸಾಂಪ್ರದಾಯಿಕ ಔಷಧಗಳಲ್ಲಿ ಅದೊಂದು ಘಟಕ. 1945ರ ಔಷಧ ನಿಯಮಗಳ 'ಇ(1)' ಅನುಸೂಚಿ ಭಂಗಿಯನ್ನು ಆಯುರ್ವೇದದ ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಇಂತಹ ಘಟಕವಿರುವ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಸೀಸೆಯ ಮೇಲೆ ಕಡ್ಡಾಯ.

ಈ ಅವಕಾಶವನ್ನು ಆಧರಿಸಿ ಹಲವು ಸಂಸ್ಥೆಗಳು ಎಲೆಯ ಸಾರದಿಂದ ತೈಲ, ಗುಳಿಗೆಗಳನ್ನು ತಯಾರಿಸುತ್ತಿವೆ. 2020ರಲ್ಲಿ ಬೆಂಗಳೂರಿನಲ್ಲಿ ಈ ಚಿಕಿತ್ಸೆಗೆಂದೇ ಕ್ಲಿನಿಕ್ ಕೂಡ ಆರಂಭವಾಯಿತು. ಆದರೆ ಒಂದು ವ್ಯತ್ಯಾಸವನ್ನು ಗ್ರಾಹಕರು ಅರಿಯಬೇಕು. ಗ್ರಂಥೋಕ್ತ ಚೂರ್ಣದಲ್ಲಿ ಇತರ ದ್ರವ್ಯಗಳ ಜೊತೆ ಬೆರೆತ ಎಲೆಪುಡಿ ಬೇರೆ, ಸಾಂದ್ರಗೊಳಿಸಿದ ಸಾರ ಬೇರೆ. ಮೊದಲನೆಯದರ ಹಳಮೆಯನ್ನು ಎರಡನೆಯದಕ್ಕೆ ಪ್ರಮಾಣಪತ್ರವೆಂದು ತೋರಿಸುವುದು ಸರಿಯಲ್ಲ.

ಬೀಜದ ಎಣ್ಣೆಯದು ಮೂರನೆಯ ಕಥೆ. ಗಾಂಜಾ ಜಾತಿಯ ಗಿಡದ ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಅವಕಾಶ ನೀಡಿತು. ಇದು ಪೌಷ್ಟಿಕ ಎಣ್ಣೆಯಷ್ಟೇ. ನೋವಿನ ಮೇಲೆ ಕೆಲಸ ಮಾಡುವ ಅಂಶಗಳು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನೋವಿನ ಮದ್ದೆಂದು ನಂಬಿ ಇದನ್ನು ಕೊಂಡವರು ಮೋಸಹೋದಂತೆಯೇ ಸರಿ.

ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. ಗಾಯ ಮಾಗಿದ ಮೇಲೂ ನರಮಂಡಲ ನೋವಿನ ಸಂಕೇತ ಕಳುಹಿಸುತ್ತಲೇ ಇರಬಹುದು. ಮಧುಮೇಹಿಗಳ ಪಾದದ ಉರಿ, ಸರ್ಪಸುತ್ತು ವಾಸಿಯಾದ ಮೇಲೆ ಉಳಿಯುವ ನೋವು ಇದಕ್ಕೆ ಉದಾಹರಣೆಗಳು.

ಮಿದುಳು ಮತ್ತು ನರಗಳಲ್ಲಿ ನೋವು, ಹಸಿವು, ನಿದ್ರೆಗಳನ್ನು ಹದದಲ್ಲಿಡುವ ಗ್ರಾಹಕಗಳಿವೆ. ಗಾಂಜಾದ ಟಿಎಚ್‌ಸಿ ಎಂಬ ಅಂಶ ಇವುಗಳಿಗೆ ಅಂಟಿಕೊಂಡು ನೋವಿನ ಸಂಕೇತವನ್ನು ಮಂದಗೊಳಿಸುತ್ತದೆ. ಅಮಲೇರಿಸುವುದೂ ಇದೇ. ಸಿಬಿಡಿ ಎಂಬ ಇನ್ನೊಂದು ಅಂಶ ಅಮಲೇರಿಸುವುದಿಲ್ಲ. ಮಕ್ಕಳ ಕೆಲವು ಅಪರೂಪದ ಮೂರ್ಛೆರೋಗಗಳಿಗೆ ಸಿಬಿಡಿ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿತು. ನೋವಿನ ವಿಷಯದಲ್ಲಿ ಸಿಬಿಡಿಗೆ ಅಂತಹ ಗಟ್ಟಿ ಪುರಾವೆ ದೊರೆತಿಲ್ಲ.

ಪುರಾವೆ ಎಷ್ಟು ಗಟ್ಟಿ?

ಈ ಗಿಡವನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದವರಲ್ಲಿ ಪ್ರಮುಖರಾದ ಐರಿಷ್ ವೈದ್ಯ ಡಬ್ಲ್ಯು.ಬಿ. ಓಶಾನೆಸಿ ಕಲ್ಕತ್ತೆಯಲ್ಲಿ ಸಂಧಿವಾತ, ಧನುರ್ವಾಯು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1839ರಲ್ಲಿ ವರದಿ ಮಾಡಿದ್ದರು. ಅಲ್ಲಿಂದ ಇಲ್ಲಿಯವರೆಗೆ ತಜ್ಞರಲ್ಲಿ ಒಮ್ಮತ ಮೂಡಿಲ್ಲ.

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ, ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾ ಪರಿಣಾಮಕಾರಿ ಎನ್ನಲು ಗಣನೀಯ ಪುರಾವೆ ಇದೆ ಎಂದಿತು. ನರಸಂಬಂಧಿ ನೋವನ್ನು ಕುರಿತ 2018ರ ಕಾಕ್ರೇನ್ ಪರಾಮರ್ಶೆ ಬೇರೆಯದೇ ಚಿತ್ರ ಕೊಟ್ಟಿತು. ನೋವು ಅರ್ಧಕ್ಕರ್ಧ ಇಳಿದವರು ಔಷಧ ಪಡೆದವರಲ್ಲಿ ಶೇ 21, ಹುಸಿ ಔಷಧ ಪಡೆದವರಲ್ಲಿ ಶೇ 17. ಲಾಭವನ್ನು ಅಡ್ಡಪರಿಣಾಮಗಳು ಮೀರಿಸಬಹುದು ಎಂದು ಅದು ಎಚ್ಚರಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2021ರಲ್ಲಿ ಇದನ್ನು ನೋವಿನ ಸಾಮಾನ್ಯ ಚಿಕಿತ್ಸೆಯಾಗಿ ಅನುಮೋದಿಸಲು ಒಪ್ಪಲಿಲ್ಲ.

ಸೊಂಟನೋವಿನ ರೋಗಿಗಳಿಗೆ ಆಸಕ್ತಿಯ ಸುದ್ದಿ 2025ರದು. ಯೂರೋಪಿನಲ್ಲಿ 820 ಮಂದಿಯ ಮೇಲೆ 12 ವಾರ ನಡೆದ ಮೂರನೆಯ ಹಂತದ ಪರೀಕ್ಷೆಯಲ್ಲಿ, ಅಳತೆಗೊಳಪಟ್ಟ ಗಾಂಜಾ ಸಾರ ಪಡೆದವರ ನೋವು ಹತ್ತಂಕದ ಅಳತೆಯಲ್ಲಿ ಸರಾಸರಿ 1.9ರಷ್ಟು ಇಳಿಯಿತು. ಹುಸಿ ಔಷಧ ಪಡೆದವರಲ್ಲಿ ಇಳಿಕೆ ಸುಮಾರು 1.3. ವ್ಯತ್ಯಾಸ ಇದೆ, ಆದರೆ ಅದು ಪವಾಡವಲ್ಲ. ಮೇಲಾಗಿ ಈ ಫಲಿತಾಂಶ ಆ ಒಂದು ಸಾರಕ್ಕೆ ಮಾತ್ರ ಸೇರಿದ್ದು. ಬೀದಿಯಲ್ಲಿ ಸಿಗುವ ಸೊಪ್ಪಿಗಾಗಲಿ, ಅಂಗಡಿಯ ಎಲ್ಲ ತೈಲಗಳಿಗಾಗಲಿ ಅದನ್ನು ಅನ್ವಯಿಸಲಾಗದು.

ಅಪಾಯಗಳು

ತಲೆಸುತ್ತು, ತೂಕಡಿಕೆ, ಬಾಯಿ ಒಣಗುವುದು, ವಾಕರಿಕೆ ಸಾಮಾನ್ಯ. ವಯಸ್ಸಾದವರಿಗೆ ತಲೆಸುತ್ತಿನಿಂದ ಬೀಳುವ ಭಯ. ಮರ ಹತ್ತುವವರಿಗೆ, ಟ್ರ್ಯಾಕ್ಟರ್ ಓಡಿಸುವವರಿಗೆ ಅದೇ ಪ್ರಾಣಾಪಾಯ. ಕುಟುಂಬದಲ್ಲಿ ಮನೋವಿಕಾರದ ಹಿನ್ನೆಲೆ ಇರುವವರು, ಹದಿಹರೆಯದವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್‌ಫರಿನ್ ಸೇವಿಸುವವರಲ್ಲಿ ಇದು ಆ ಔಷಧದ ಪರಿಣಾಮವನ್ನು ಹೆಚ್ಚಿಸಬಲ್ಲದು. ಸೇದುವುದಂತೂ ಔಷಧ ಸೇವನೆಯೇ ಅಲ್ಲ: ಪ್ರಮಾಣ ತಿಳಿಯದು, ಹೊಗೆ ಶ್ವಾಸಕೋಶಕ್ಕೆ ಕೇಡು.

ಕೈಯಲ್ಲಿರುವ ಮದ್ದು ಮರೆಯದಿರಲಿ

ಗಾಂಜಾ ಕುರಿತ ಉತ್ಸಾಹದ ನಡುವೆ ಮರೆಯಾಗುವ ಸಂಗತಿಯೊಂದಿದೆ. ಕ್ಯಾನ್ಸರ್‌ನ ತೀವ್ರ ನೋವಿಗೆ ಪರಿಣಾಮ ಸಾಬೀತಾದ, ಅಗ್ಗದ ಔಷಧ ಮಾರ್ಫಿನ್. ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಭಾರತದಲ್ಲೇ ಅದು ದಶಕಗಳ ಕಾಲ ಪರವಾನಗಿಗಳ ಜಂಜಾಟದಲ್ಲಿ ಸಿಲುಕಿತ್ತು. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು 'ಅವಶ್ಯಕ ಮಾದಕ ಔಷಧ' ಎಂಬ ವರ್ಗ ರೂಪಿಸಲಾಯಿತು. ಮಾರ್ಫಿನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳಿಗೆ ಮಾನ್ಯತೆ ಪಡೆದ ಆಸ್ಪತ್ರೆಗಳು ಹತ್ತಾರು ಪರವಾನಗಿಗಳಿಗೆ ಅಲೆಯಬೇಕಾಗಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ನೀಡಿದರೆ, ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ.

ಸೊಂಟ, ಮಂಡಿ, ನರಗಳ ನೋವಿಗೆ ದಾರಿ ಬೇರೆ: ಅಂಗಸಾಧನೆ, ಫಿಸಿಯೊಥೆರಪಿ, ತೂಕ ಇಳಿಕೆ, ನರನೋವಿಗೆಂದೇ ಇರುವ ಮಾತ್ರೆಗಳು. ಬಾಗೂರಿನಂತಹ ಊರಿನವರಿಗೆ ಮೊದಲ ಮೆಟ್ಟಿಲು ಚನ್ನರಾಯಪಟ್ಟಣದ ತಾಲ್ಲೂಕು ಆಸ್ಪತ್ರೆ, ನಂತರದ್ದು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಜಠರ ಮತ್ತು ಮೂತ್ರಪಿಂಡಗಳಿಗೆ ಹಾನಿ ಎಂಬುದನ್ನೂ ಮರೆಯುವಂತಿಲ್ಲ.

ಗಮನಿಸಬೇಕಾದ ಅಂಶಗಳು

* ವಿಜಯಾ ಔಷಧ ಬೇಕೆನಿಸಿದರೆ ನೋಂದಾಯಿತ ಆಯುರ್ವೇದ ವೈದ್ಯರನ್ನು ಖುದ್ದಾಗಿ ಕಾಣಿರಿ. ಚೀಟಿ, ಬಿಲ್ಲು ಎರಡನ್ನೂ ಕಾದಿರಿಸಿಕೊಳ್ಳಿ.

* ಸೀಸೆಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಘಟಕಗಳ ಪ್ರಮಾಣ, ಎಚ್ಚರಿಕೆಯ ಸೂಚನೆ ಇಲ್ಲದಿದ್ದರೆ ಕೊಳ್ಳಬೇಡಿ.

* ಈಗಾಗಲೇ ಸೇವಿಸುತ್ತಿರುವ ಔಷಧಗಳನ್ನು ವೈದ್ಯರಿಗೆ ತಿಳಿಸಿ. ಅವನ್ನು ತಾವಾಗಿಯೇ ನಿಲ್ಲಿಸಬೇಡಿ.

* ಗಿಡ ಬೆಳೆಯುವುದು, ಬೀದಿಯಲ್ಲಿ ಕೊಳ್ಳುವುದು ನೋವಿನ ಕಾರಣಕ್ಕೇ ಆದರೂ ಅಪರಾಧ.

* ಕೆಲವು ವಾರಗಳಲ್ಲಿ ನಿದ್ರೆ, ನಡಿಗೆ, ದಿನದ ಕೆಲಸಗಳಲ್ಲಿ ಸುಧಾರಣೆ ಕಾಣದಿದ್ದರೆ ಅದನ್ನು ಮುಂದುವರಿಸಬೇಕೆ ಎಂದು ವೈದ್ಯರನ್ನು ಕೇಳಿ.